ಮನೆಗೊಂದು ಮೊಬೈಲು, ಒಪ್ಪಿಗೆ ಯಾರದು?

ಧಾರವಾಡದ ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಹಳೆಯದೊಂದು ಮಾಡವಿದೆ. ನಮ್ಮ ತಾಯಿಯವರ ಕಾಲದಲ್ಲಿ ಅಲ್ಲಿ ಚಿಮಣಿ ದೀಪ ಇರುತ್ತಿತ್ತು. ಆಮೇಲೆ ರೇಡಿಯೋ ಬಂದು ಕುಳಿತಿತು. ಈಗ ಹಲವು ವರ್ಷಗಳಿಂದ ಅದು ನಮ್ಮ ಶ್ರೀಮತಿಯವರ ಮೊಬೈಲ್ ಫೋನಿನ ಸ್ಥಾನ. ಹೆಸರಿಗೆ ಆ ಫೋನು ಅವರದು. ಸಿಮ್ ಅವರ ಹೆಸರಿನಲ್ಲಿದೆ, ನಮ್ಮಿಬ್ಬರ ಜಂಟಿ ಖಾತೆ ಅದಕ್ಕೇ ಜೋಡಣೆಯಾಗಿದೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಅದು ಯಾರ ಯಾರ ಕೈಗಳನ್ನು ಹಾಯ್ದು ಬರುತ್ತದೆಂಬುದನ್ನು ಒಂದು ದಿನ ಸುಮ್ಮನೆ ಕುಳಿತು ನೋಡಿದೆವು. ಮುಂಜಾನೆ ಶ್ರೀಮತಿಯವರು ಅದರಲ್ಲಿ ಭಜನೆ ಕೇಳುತ್ತಾರೆ. ಸೊಸೆ ಅದರಿಂದಲೇ ಗ್ಯಾಸ್ ಸಿಲಿಂಡರಿಗೆ ಹೇಳುತ್ತಾಳೆ. ಹತ್ತು ಗಂಟೆಯ ಸುಮಾರಿಗೆ ನಾವು ಕನ್ನಡಕ ಏರಿಸಿಕೊಂಡು ಪತ್ರಿಕೆಗಳನ್ನು ತಿರುವಿ ಹಾಕುತ್ತೇವೆ. ಮಧ್ಯಾಹ್ನ ಸೊಲ್ಲಾಪುರದ ನಾದಿನಿ ವಿಡಿಯೋದಲ್ಲಿ ಮುಖ ತೋರಿಸುತ್ತಾರೆ. ಸಂಜೆ ಶಾಲೆಯಿಂದ ಬಂದ ಹತ್ತು ವರ್ಷದ ಮೊಮ್ಮಗ ಚೀಲವನ್ನು ಮೂಲೆಗೆಸೆದು ಮೊದಲು ಕೈ ಹಾಕುವುದು ಆ ಮಾಡಕ್ಕೆ. ರಾತ್ರಿ ಊಟದ ಹೊತ್ತಿಗೆ ಫೋನು ಬಿಸಿಯಾಗಿ, ಶಕ್ತಿಗುಂದಿ, ಚಾರ್ಜರಿನ ತಂತಿಗೆ ಅಂಟಿಕೊಂಡು ಮಲಗಿರುತ್ತದೆ.

ಈ ಯಂತ್ರವನ್ನು ರೂಪಿಸಿದವರು ಇಂಥದೊಂದು ಮನೆಯನ್ನು ಕಲ್ಪಿಸಿಕೊಂಡಿರಲಿಕ್ಕಿಲ್ಲ. ಅವರ ಲೆಕ್ಕದಲ್ಲಿ ಒಂದು ಫೋನಿಗೆ ಒಬ್ಬನೇ ಮನುಷ್ಯ. ಅವನ ಬೆರಳಚ್ಚು, ಅವನ ಮುಖ, ಅವನ ಗುಪ್ತ ಸಂಖ್ಯೆ, ಅವನ ಒಪ್ಪಿಗೆ. ‘ನಾನು ಒಪ್ಪುತ್ತೇನೆ’ ಎಂಬ ಗುಂಡಿಯನ್ನು ಒತ್ತುವ ಆ ‘ನಾನು’ ಯಾರು ಎಂಬ ಪ್ರಶ್ನೆ ಅವರಿಗೆ ಬಂದಿಲ್ಲ. ನಮಗೂ ಬಂದಿರಲಿಲ್ಲ. ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಎರಡು ಸಂಗತಿಗಳು ಆ ಪ್ರಶ್ನೆಯನ್ನು ನಮ್ಮ ಮುಂದೆ ತಂದು ನಿಲ್ಲಿಸಿದವು. ಇಂಥವು ಅನೇಕ ಮನೆಗಳಲ್ಲಿ ನಡೆದಿರಬಹುದು; ಹೇಳಿಕೊಳ್ಳಲು ಸಂಕೋಚವಾಗುವುದರಿಂದ ಯಾರೂ ಹೇಳುತ್ತಿಲ್ಲವೆಂದು ತೋರುತ್ತದೆ. ನಮಗೂ ಸಂಕೋಚವುಂಟು. ಆದರೂ ಬರೆಯುತ್ತಿದ್ದೇವೆ.

ಹಂಚಿಕೊಂಡು ಬಳಸುವುದು ನಮ್ಮಲ್ಲಿ ಹೊಸದಲ್ಲ. ಐವತ್ತು ದಾಟಿದ ಓದುಗರಿಗೆ ‘ಪಿ.ಪಿ. ನಂಬರು’ ನೆನಪಿರಲೇಬೇಕು. ಓಣಿಗೊಂದು ದೂರವಾಣಿ ಇದ್ದ ದಿನಗಳಲ್ಲಿ ಪಕ್ಕದ ಮನೆಯ ಸಂಖ್ಯೆಯನ್ನೇ ನಮ್ಮದೆಂದು ಬರೆದುಕೊಡುತ್ತಿದ್ದೆವು. ಮದುವೆಯ ಲಗ್ನಪತ್ರಿಕೆಯಲ್ಲೂ ಅದೇ ಅಚ್ಚಾಗುತ್ತಿತ್ತು. ಕರೆ ಬಂದರೆ ಅವರು ಕಂಪೌಂಡಿನಾಚೆಯಿಂದ ಕೂಗುತ್ತಿದ್ದರು. ನಾವು ಓಡಿಹೋಗಿ, ಅವರ ನಡುಮನೆಯಲ್ಲಿ ನಿಂತು, ಅವರೆಲ್ಲರ ಎದುರಿಗೇ ಮಗಳ ಬಾಣಂತನದ ವಿಷಯವನ್ನೋ ಹೊಲದ ತಂಟೆಯನ್ನೋ ಮಾತಾಡುತ್ತಿದ್ದೆವು. ಗುಟ್ಟೆಂಬುದು ಎಲ್ಲಿತ್ತು? ಅದಕ್ಕೂ ಹಿಂದೆ, ಓದು ಬಾರದ ತಾಯಂದಿರಿಗೆ ತವರಿನ ಪತ್ರವನ್ನು ಅಂಚೆಯಣ್ಣನೇ ಓದಿ ಹೇಳುತ್ತಿದ್ದ. ಅವರು ಕಣ್ಣೊರೆಸಿಕೊಳ್ಳುವವರೆಗೆ ಜಗಲಿಯ ಮೇಲೆ ಕಾದಿದ್ದು, ಉತ್ತರವನ್ನೂ ಅವನೇ ಬರೆದುಕೊಂಡು ಹೋಗುತ್ತಿದ್ದ. ಊರಿನ ಅರ್ಧ ಮನೆಗಳ ಸುಖದುಃಖ ಅವನ ಎದೆಯೊಳಗಿತ್ತು. ಆದರೆ ಒಂದು ಮಾತನ್ನು ಗಮನಿಸಬೇಕು. ಆ ನೆರೆಯವರಾಗಲಿ ಅಂಚೆಯಣ್ಣನಾಗಲಿ ಕೇಳಿದ್ದನ್ನು ಬರೆದಿಟ್ಟುಕೊಳ್ಳುತ್ತಿರಲಿಲ್ಲ, ಮೂರನೆಯವರಿಗೆ ಮಾರುತ್ತಿರಲಿಲ್ಲ. ನಾವು ನಂಬಿದ್ದು ಒಬ್ಬ ಮನುಷ್ಯನನ್ನು. ಅವನ ಮುಖ ನಮಗೆ ಗೊತ್ತಿತ್ತು. ನಂಬಿಕೆ ಕೆಟ್ಟರೆ ಮರುದಿನ ಅದೇ ಓಣಿಯಲ್ಲಿ ಅವನೂ ನಾವೂ ಎದುರಾಗಲೇಬೇಕಿತ್ತು.

೨೦೧೬ನೆಯ ಇಸವಿ ಈ ಬಗೆಯ ಬದುಕನ್ನು ಬಹುವಾಗಿ ಬದಲಿಸಿತು. ಆ ವರ್ಷವೇ ಯುಪಿಐ ಪಾವತಿ ಬಂದಿತು, ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಅಂತರಜಾಲದ ದರ ಕುಸಿಯಿತು. ೨೦೨೦ರ ಕೊರೋನಾ ಕಾಲದಲ್ಲಿ ಪಾಠಶಾಲೆಯೇ ಫೋನಿನೊಳಗೆ ಸೇರಿಕೊಂಡಿತು. ‘ಮೊಬೈಲ್ ಮುಟ್ಟಬೇಡ’ ಎನ್ನುತ್ತಿದ್ದ ನಾವೇ ಮಕ್ಕಳ ಕೈಗೆ ಅದನ್ನಿತ್ತು ‘ಕೆಳಗಿಡಬೇಡ, ಪಾಠ ಕೇಳು’ ಎಂದೆವು. ಆಮೇಲೆ ಶಾಲೆ ತೆರೆಯಿತು. ಫೋನು ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು.

ಇನ್ನು ಮೊದಲ ಸಂಗತಿ. ಜೂನ್ ತಿಂಗಳಲ್ಲಿ ಪಾಸ್‌ಬುಕ್ಕಿಗೆ ಲೆಕ್ಕ ಹಾಕಿಸಲು ಹೋಗಿದ್ದೆವು. ಈ ಕಾಲದಲ್ಲಿಯೂ ಪಾಸ್‌ಬುಕ್ ಹಿಡಿದು ಹೋಗುವ ನಮ್ಮನ್ನು ಕಂಡು ಮನೆಯವರು ನಗುವುದುಂಟು. ಆ ದಿನ ಅದೇ ನಮ್ಮ ಕಣ್ಣು ತೆರೆಸಿತು. ಐದು ವಾರಗಳಲ್ಲಿ ೨೯, ೮೯, ೧೫೯, ೪೪೯ ಎಂಬಂತೆ ಸಣ್ಣ ಸಣ್ಣ ಮೊತ್ತಗಳು ಹೊರಗೆ ಹೋಗಿದ್ದವು. ಕೂಡಿಸಿ ನೋಡಿದರೆ ೭,೪೨೦ ರೂಪಾಯಿ. ಪಿಂಚಣಿಯಲ್ಲಿ ಬದುಕುವವರಿಗೆ ಅದು ಚಿಕ್ಕ ಮೊತ್ತವಲ್ಲ. ಶ್ರೀಮತಿಯವರನ್ನು ಕೇಳಿದರೆ ತರಕಾರಿ, ಹಾಲು, ಔಷಧಿಯ ಹೊರತು ತಾವೇನೂ ಕೊಟ್ಟಿಲ್ಲವೆಂದರು.

ಇಲ್ಲಿ ನಾವು ಮಾಡಿದ ಕೆಲಸವನ್ನು ಮುಚ್ಚಿಡದೆ ಹೇಳಬೇಕಾಗಿದೆ. ನಮ್ಮ ಮನೆಗೆಲಸಕ್ಕೆ ಬರುವ ಹುಡುಗಿಯೊಬ್ಬಳಿದ್ದಾಳೆ. ಹತ್ತನೆಯ ತರಗತಿ ಮುಗಿಸಿ, ಖಾಸಗಿಯಾಗಿ ಪಿ.ಯು.ಗೆ ಕಟ್ಟಿಕೊಂಡವಳು. ಫೋನಿನ ರೀಚಾರ್ಜು ಮಾಡುವುದು, ಬ್ಯಾಂಕಿನ ಸಂದೇಶ ಓದಿ ಹೇಳುವುದು ಇಂಥ ಸಹಾಯವನ್ನು ಶ್ರೀಮತಿಯವರು ಅವಳಿಂದ ಪಡೆಯುತ್ತಿದ್ದರು. ನಮ್ಮ ಮನಸ್ಸು ನೇರವಾಗಿ ಅವಳ ಕಡೆಗೇ ಹೋಯಿತು. ಬೇರೆ ಯಾರ ಕಡೆಗೂ ಹೋಗಲಿಲ್ಲವೆಂಬುದೇ ನಮ್ಮ ಬಗ್ಗೆ ಏನನ್ನೋ ಹೇಳುತ್ತದೆ. ಗದರಿಸಲಿಲ್ಲ. ‘ನೀನೇನಾದರೂ ತಿಳಿಯದೆ ಒತ್ತಿರಬಹುದೇ?’ ಎಂದು ಮೃದುವಾಗಿಯೇ ಕೇಳಿದೆವು. ಅವಳಿಗೆ ಪ್ರಶ್ನೆಯ ಅರ್ಥ ಪೂರ್ತಿ ಆಯಿತು. ‘ಇಲ್ರಿ’ ಎಂದಳು. ಉಳಿದ ಪಾತ್ರೆಗಳನ್ನು ತೊಳೆದಿಟ್ಟು, ಕೈ ಒರೆಸಿಕೊಂಡು ಹೋದವಳು ನಾಲ್ಕು ದಿನ ಬರಲಿಲ್ಲ. ಬಾರದಿದ್ದುದರಿಂದ ನಮ್ಮ ಸಂಶಯ ಇನ್ನಷ್ಟು ಬಲವಾಯಿತು.

ಐದನೆಯ ದಿನ ಮಗ ಬಿಡುವು ಮಾಡಿಕೊಂಡು ಫೋನನ್ನು ಬಿಚ್ಚಿ ನೋಡಿದ. ಖರೀದಿಯ ಪಟ್ಟಿ ಅದರೊಳಗೇ ಇತ್ತು. ಇಷ್ಟು ಡೈಮಂಡು, ಅಷ್ಟು ಡೈಮಂಡು, ಬಂದೂಕಿಗೊಂದು ಬಣ್ಣ, ಆಟದೊಳಗಿನ ಸಿಪಾಯಿಗೊಂದು ಅಂಗಿ. ಮೊಮ್ಮಗನನ್ನು ಕರೆದು ಕೇಳಿದರೆ ಅವನು ಹೆದರಲೂ ಇಲ್ಲ, ಅಡಗಿಸಲೂ ಇಲ್ಲ. ಪಿನ್ ನಿನಗೆ ಹೇಗೆ ಗೊತ್ತೆಂದರೆ, ‘ಅಜ್ಜಿಗೆ ಕಾಣೂದಿಲ್ಲಲ್ಲ, ದಿನಾ ನಾನೇ ಒತ್ತತೀನಿ’ ಎಂದ. ನಿಜವೇ. ಕಾಯಿಪಲ್ಲೆಯ ಸಂತೆಯಲ್ಲಿ ಅಜ್ಜಿ ಚೀಲ ಹಿಡಿದು ಸಂಖ್ಯೆಯನ್ನು ಗಟ್ಟಿಯಾಗಿ ಹೇಳುವುದು, ಮೊಮ್ಮಗ ಒತ್ತುವುದು ವರ್ಷದಿಂದ ನಡೆದು ಬಂದ ಪದ್ಧತಿ. ಆ ಸಂಖ್ಯೆಯಾದರೂ ಯಾವುದು? ನಮ್ಮ ವಿವಾಹದ ಇಸವಿ! ಅಜ್ಜಿಯ ದುಡ್ಡನ್ನು ಕೇಳದೆ ಏಕೆ ತೆಗೆದೆ ಎಂದಾಗ ಅವನು ಹೇಳಿದ ಮಾತು ಈಗಲೂ ನಮ್ಮ ಕಿವಿಯಲ್ಲಿದೆ: ‘ಅದು ದುಡ್ಡಲ್ಲ ಅಜ್ಜಾ, ಡೈಮಂಡ್.’

ಮಗುವಿನ ಮಾತೆಂದು ತಳ್ಳಿಹಾಕುವಂತಿಲ್ಲ. ಅವನು ಹಾಗೆ ತಿಳಿಯಲಿ ಎಂಬಂತೆಯೇ ಆ ಆಟದ ರಚನೆಯಿದೆ. ರೂಪಾಯಿಯನ್ನು ಮೊದಲು ಡೈಮಂಡಾಗಿಯೋ ನಾಣ್ಯವಾಗಿಯೋ ಬದಲಿಸಿ, ಆಮೇಲೆ ಎಲ್ಲ ಬೆಲೆಯನ್ನೂ ಆ ನಾಣ್ಯದಲ್ಲಿ ಹೇಳಿದರೆ ಖರ್ಚಿನ ನೋವು ತಿಳಿಯದು. ಜಾತ್ರೆಯ ತೊಟ್ಟಿಲಿಗೆ ಮೊದಲು ಚೀಟಿ ಕೊಂಡು, ಆಮೇಲೆ ಚೀಟಿಯನ್ನು ಧಾರಾಳವಾಗಿ ಕೊಡುತ್ತಾ ಹೋದಂತೆ. ಅದರ ಮೇಲೆ ಕಾಲದ ಒತ್ತಾಯ ಬೇರೆ. ೨೦೧೨ರಲ್ಲಿ ಬಂದ ‘ಕ್ಯಾಂಡಿ ಕ್ರಷ್’ ಎಂಬ ಮಿಠಾಯಿ ಆಟವನ್ನು ನಮ್ಮ ಸೊಸೆಯೂ ಆಡುತ್ತಾಳೆ. ಅದರಲ್ಲಿ ಐದು ಜೀವಗಳು. ಸೋತರೆ ಒಂದು ಜೀವ ಹೋಗುತ್ತದೆ. ಅದು ಮರಳಲು ಅರ್ಧ ಗಂಟೆ ಕಾಯಬೇಕು, ಇಲ್ಲವೇ ಹಣ ತೆರಬೇಕು. ಆಡುವವರ ಅಸಹನೆಯನ್ನೇ ಅಂಗಡಿಯಾಗಿ ಮಾಡಿದ ಜಾಣತನವಿದು. ಫೋನಿನ ಮೊದಲ ಆಟಗಳು ಹೀಗಿರಲಿಲ್ಲ. ೧೯೯೭ರಲ್ಲಿ ನೋಕಿಯಾ ೬೧೧೦ ಫೋನಿನೊಡನೆ ಬಂದ ಹಾವಿನ ಆಟವನ್ನು ನೆನೆಯಿರಿ. ಹಾವು ತಿನ್ನುತ್ತಿತ್ತು, ಬೆಳೆಯುತ್ತಿತ್ತು, ತನ್ನ ಬಾಲವನ್ನೇ ಕಚ್ಚಿ ಸಾಯುತ್ತಿತ್ತು. ಅದು ನಮ್ಮ ಹೆಸರು ಕೇಳಲಿಲ್ಲ, ಇದ್ದ ಊರು ಕೇಳಲಿಲ್ಲ, ಒಂದು ಪೈಸೆ ಬೇಡಲಿಲ್ಲ. ನಾವು ಆಡುತ್ತಿದ್ದೇವೆಂಬುದು ಫೋನಿನಾಚೆ ಒಂದು ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ.

ಆಟವೇ ಕೆಟ್ಟದ್ದೆಂದು ನಮ್ಮ ವಾದವಲ್ಲ. ಆಷಾಢದ ಮಳೆಯಲ್ಲಿ ಚೌಕಾಬಾರ ಆಡದ, ಅಳಗುಳಿಮಣೆಯ ಹುಣಸೆಬೀಜ ಎಣಿಸದ ಮನೆ ನಮ್ಮಲ್ಲಿ ಯಾವುದಿತ್ತು? ನಮ್ಮ ಪಗಡೆಯೇ ಇಂಗ್ಲೆಂಡಿಗೆ ಹೋಗಿ ಲೂಡೋ ಆಯಿತು. ೨೦೨೦ರ ದಿಗ್ಬಂಧನದ ದಿನಗಳಲ್ಲಿ ಅದೇ ‘ಲೂಡೋ ಕಿಂಗ್’ ಎಂಬ ಹೆಸರಿನಿಂದ ಫೋನಿನೊಳಗೆ ಬಂದು, ಬೇರೆ ಬೇರೆ ಊರುಗಳಲ್ಲಿ ಸಿಕ್ಕಿಬಿದ್ದ ಅಣ್ಣ ತಂಗಿಯರನ್ನು ಒಂದೇ ಹಾಸಿನ ಸುತ್ತ ಕೂಡಿಸಿತು. ಆ ದಿನಗಳಲ್ಲಿ ನಾವೂ ಪುಣೆಯ ಮಗಳೊಡನೆ ಆಡಿ ಸೋತದ್ದುಂಟು. ಅದು ನಿಜವಾದ ಸಂತೋಷವಾಗಿತ್ತು. ನಮ್ಮ ತಕರಾರಿರುವುದು ಆಡುವವನಿಗೆ ತಿಳಿಯದಂತೆ ಅವನ ಬೆರಳನ್ನು ನಡೆಸುವ ರಚನೆಯ ಮೇಲೆ.

ಈ ರಚನೆಯನ್ನು ಸರಕಾರಗಳು ಗಮನಿಸಿಲ್ಲವೆನ್ನಲಾಗದು. ಬೆಲ್ಜಿಯಂ ದೇಶವು ೨೦೧೮ರಲ್ಲಿ, ಒಳಗೇನಿದೆಯೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಆಟದ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ಅಮೆರಿಕದಲ್ಲಿ ‘ಫೋರ್ಟ್‌ನೈಟ್’ ಆಟದ ಒಡೆಯರಾದ ಎಪಿಕ್ ಗೇಮ್ಸ್ ಸಂಸ್ಥೆ ಮಕ್ಕಳ ಮಾಹಿತಿ ಸಂಗ್ರಹ ಹಾಗೂ ಅರಿಯದೆ ಆಗುವ ಖರೀದಿಗಳ ಆರೋಪಗಳ ಸಂಬಂಧ ೨೦೨೨ರ ಡಿಸೆಂಬರಿನಲ್ಲಿ ಒಟ್ಟು ೫೨ ಕೋಟಿ ಡಾಲರು ತೆರಲು ಒಪ್ಪಿತು, ಅದರಲ್ಲಿ ೨೪.೫ ಕೋಟಿ ಗ್ರಾಹಕರಿಗೆ ಮರಳಿಸುವುದಕ್ಕೆಂದೇ ಇತ್ತು. ನಮ್ಮ ದೇಶದಲ್ಲಿಯೂ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೩ರ ನವೆಂಬರಿನಲ್ಲಿ ಇಂಥ ೧೩ ಬಗೆಯ ಮರೆಮೋಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಇಲ್ಲದ ಅವಸರವನ್ನು ಹುಟ್ಟಿಸುವುದು, ಬೇಡವೆಂದರೂ ಮತ್ತೆ ಮತ್ತೆ ಪೀಡಿಸುವುದು ಅದರಲ್ಲಿ ಸೇರಿವೆ.

ಹಣ ಕಟ್ಟಿ ಆಡುವ ಆಟಗಳ ಕಥೆ ಬೇರೆ. ಕರ್ನಾಟಕ ಸರಕಾರ ೨೦೨೧ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅವುಗಳನ್ನು ತಡೆಯಹೊರಟಿತು. ೨೦೨೨ರ ಫೆಬ್ರವರಿಯಲ್ಲಿ ನಮ್ಮ ಉಚ್ಚ ನ್ಯಾಯಾಲಯ ಆ ವಿಧಿಗಳನ್ನು ರದ್ದುಪಡಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತೇ ಕಾನೂನು ಮಾಡಿ ಹಣದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ, ಆಡಿದವರಿಗೆ ಶಿಕ್ಷೆಯಿಲ್ಲ. ಸಂಬಳದ ದಿನವೇ ಸಂಬಳ ಕಳೆದುಕೊಂಡ ತರುಣರನ್ನು ಬಲ್ಲ ನಮಗೆ ಇದು ತಡವಾಗಿ ಬಂದ ಒಳ್ಳೆಯ ಕೆಲಸವೆಂದೇ ತೋರುತ್ತದೆ. ಆದರೆ ಅದು ಹಿಡಿಯುವುದು ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆಟವನ್ನು. ಬಂದೂಕಿನ ಬಣ್ಣಕ್ಕೆ ಹಣ ತೆತ್ತು, ಗೆಲ್ಲುವುದಕ್ಕೆ ಏನೂ ಇಲ್ಲದ ನಮ್ಮ ಮೊಮ್ಮಗ ಆ ವ್ಯಾಖ್ಯೆಯೊಳಗೆ ಬರುವುದು ಕಷ್ಟ.

ಎರಡನೆಯ ಸಂಗತಿ ಇದರಿಂದಲೇ ಹುಟ್ಟಿತು. ಮಗನಿಗೆ ಸಿಟ್ಟು ಬಂದಿತ್ತು. ಇನ್ನು ಮುಂದೆ ಯಾರ ಫೋನಿನಲ್ಲಿ ಏನು ನಡೆಯುತ್ತದೆಂಬುದು ತನಗೆ ತಿಳಿಯಬೇಕೆಂದು, ಮಕ್ಕಳ ಮೇಲೆ ಕಣ್ಣಿಡುವ ಒಂದು ಆ್ಯಪನ್ನು ತಂದು ಹಾಕಿದ. ಮೊಮ್ಮಗ ಆಡುವ ಫೋನಿಗೆ ಮಾತ್ರವಲ್ಲ, ಪಿ.ಯು. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಹದಿನೇಳರ ಮೊಮ್ಮಗಳ ಫೋನಿಗೂ. ಅವಳಿಗೆ ಹೇಳಲಿಲ್ಲ. ಅವಳು ಕಳಿಸಿದ, ಅವಳಿಗೆ ಬಂದ ಸಂದೇಶಗಳು ಅವನ ಫೋನಿಗೆ ಬರತೊಡಗಿದವು. ಒಂದು ಸಂಜೆ ಅವನು ಅವನ್ನು ನಮಗೂ ತೋರಿಸಿದ. ನಾವು ಓದಿದೆವು. ‘ಬೇಡ’ ಎನ್ನಬಹುದಿತ್ತು, ಎನ್ನಲಿಲ್ಲ. ಗೆಳತಿಗೆ ಅವಳು ಬರೆದಿದ್ದಳು, ತನಗೆ ಎಂಜಿನಿಯರಿಂಗ್ ಬೇಡವಾಗಿದೆ, ಮನೆಯಲ್ಲಿ ಹೇಳಲು ಧೈರ್ಯವಿಲ್ಲ, ರಾತ್ರಿ ನಿದ್ರೆ ಬರುತ್ತಿಲ್ಲವೆಂದು. ಅವಳ ಹಿತಕ್ಕಾಗಿಯೇ ಎಂದು ಭಾವಿಸಿ, ಮರುದಿನ ಊಟಕ್ಕೆ ಕುಳಿತಾಗ, ‘ಎಂಜಿನಿಯರಿಂಗ್ ಬಿಟ್ಟರೆ ಲೋಕದಲ್ಲಿ ಬೇರೆ ಓದಿಲ್ಲವೇ?’ ಎಂದು ಎಲ್ಲೋ ನೋಡುತ್ತಾ ಹೇಳಿದೆವು. ಕೈಯಲ್ಲಿದ್ದ ರೊಟ್ಟಿಯನ್ನು ಅವಳು ತಟ್ಟೆಗೆ ಮರಳಿ ಇಟ್ಟಳು. ಬುದ್ಧಿವಂತ ಹುಡುಗಿ, ಆ ಕ್ಷಣದಲ್ಲೇ ಎಲ್ಲ ತಿಳಿಯಿತು.

ಆಮೇಲೆ ಹಲವು ದಿನ ಅವಳು ನಮ್ಮೊಡನೆ ಬೇಕಾದಷ್ಟನ್ನೇ ಮಾತಾಡಿದಳು. ಅಜ್ಜಿಯ ಮುಂದೆ ಮಾತ್ರ, ‘ನನ್ನ ಪತ್ರ ಒಡೆದು ಓದಿದರು’ ಎಂದಳಂತೆ. ಪತ್ರ ಎಂಬ ಶಬ್ದವನ್ನು ಈ ಕಾಲದ ಹುಡುಗಿ ಎಲ್ಲಿಂದ ಹುಡುಕಿದಳೋ, ಅದು ನಮಗೆ ನೆಟ್ಟಿತು. ನಮ್ಮ ತಂದೆಯವರು ಬಲು ಗಡಸು ಮನುಷ್ಯರು. ಮನೆಯಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಆದರೂ ತಾಯಿಯವರ ಹೆಸರಿಗೆ ತವರಿನಿಂದ ಬಂದ ಪತ್ರವನ್ನು ಅವರು ಒಂದು ದಿನವೂ ಒಡೆದವರಲ್ಲ. ಅದೇ ಮಾಡದಲ್ಲಿ ದೀಪದ ಪಕ್ಕಕ್ಕೆ ಇಟ್ಟು ಹೊರಗೆ ಹೋಗುತ್ತಿದ್ದರು. ಯಾರೂ ಅವರಿಗೆ ಕಾನೂನು ಹೇಳಿರಲಿಲ್ಲ. ಪ್ರೈವಸಿ ಎಂಬ ಇಂಗ್ಲಿಷ್ ಶಬ್ದ ಅವರು ಕೇಳಿರಲಿಕ್ಕಿಲ್ಲ. ನಾವು ಇಂದು ಬಳಸುವ ‘ಖಾಸಗಿ’ಯೂ ಪರ್ಶಿಯನ್ ಮೂಲದ ಮಾತೇ. ಆದರೆ ‘ಮರೆ’ ಎಂಬ ಅಚ್ಚಗನ್ನಡದ ಶಬ್ದವೊಂದು ನಮ್ಮಲ್ಲಿತ್ತು. ಒಳಗೆ ಬರುವ ಮುನ್ನ ಕೆಮ್ಮುವುದು, ಹೆಂಗಸರು ಕುಳಿತಲ್ಲಿ ಹೊಸ್ತಿಲ ಬಳಿಯೇ ನಿಲ್ಲುವುದು, ಮಾತಿನ ನಡುವೆ ಬಂದವರು ‘ಆಮೇಲೆ ಬರುತ್ತೇನೆ’ ಎಂದು ಹಿಂದೆ ಸರಿಯುವುದು, ಇವೆಲ್ಲ ಗೋಡೆ ಕಡಿಮೆಯಿದ್ದ ಮನೆಗಳಲ್ಲಿ ಮನುಷ್ಯರು ಒಬ್ಬರಿಗೊಬ್ಬರು ಕಟ್ಟಿಕೊಟ್ಟ ಮರೆಗಳು.

ಈ ಹಕ್ಕಿಗಾಗಿ ಹೋರಾಡಿದವರು ನಮ್ಮ ನಾಡಿನ ಒಬ್ಬ ವೃದ್ಧರೆಂಬುದನ್ನು ಅನೇಕರು ಮರೆತಿದ್ದಾರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆಗ ಅವರಿಗೆ ೮೬ ವರ್ಷ. ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರಕಾರ ವಾದಿಸಿತು. ಹಳೆಯ ತೀರ್ಪುಗಳಲ್ಲಿ ಒಂದು ಎಂಟು ನ್ಯಾಯಮೂರ್ತಿಗಳದಾಗಿದ್ದುದರಿಂದ ಒಂಬತ್ತು ಜನರ ಪೀಠ ಕೂಡಬೇಕಾಯಿತು. ೨೦೧೭ರ ಆಗಸ್ಟ್ ೨೪ರಂದು ಆ ಒಂಬತ್ತು ಜನರೂ ಒಮ್ಮತದಿಂದ ಅದು ಮೂಲಭೂತ ಹಕ್ಕೆಂದು ಸಾರಿದರು. ಮರುವರ್ಷ ಬಹುಮತದ ತೀರ್ಪು ಆಧಾರ್ ಯೋಜನೆಯನ್ನು ಕೆಲವು ಮಿತಿಗಳೊಡನೆ ಎತ್ತಿಹಿಡಿಯಿತು. ಆದರೆ ಮೊದಲ ತೀರ್ಪು ಹಾಗೆಯೇ ನಿಂತಿತು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ, ತಮ್ಮ ೯೮ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವಯಸ್ಸಿನವರು ಸರಕಾರದಿಂದ ಬಯಸಿದ ಗೌರವವನ್ನು ನಾವು ನಮ್ಮ ಮನೆಯ ಹುಡುಗಿಗೆ ಕೊಡಲಾರದೆ ಹೋದೆವಲ್ಲ ಎಂದು ಯೋಚನೆಯಾಯಿತು.

ಆ ತೀರ್ಪಿನ ಹಿಂದೆಯೇ ಬಂದುದು ೨೦೨೩ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಾವಳಿ ೨೦೨೫ರ ನವೆಂಬರಿನಲ್ಲಿ ಪ್ರಕಟವಾಯಿತು. ಸಂಸ್ಥೆಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಕಾಯ್ದೆಯನ್ನು ನಾವು ಆಸಕ್ತಿಯಿಂದ ಓದಿದೆವು. ಒಪ್ಪಿಗೆ ಕೇಳುವಾಗ ಇಂಗ್ಲಿಷಿನಲ್ಲಿ ಮಾತ್ರವಲ್ಲ, ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶವಿರಬೇಕು ಎನ್ನುತ್ತದೆ ಅದು. ಅಂದರೆ ಕನ್ನಡದಲ್ಲಿಯೂ. ನಮಗೆ ಬಹಳ ಹಿಡಿಸಿದ ವಿಧಿಯಿದು. ಏಕೆಂದರೆ ಇದುವರೆಗೆ ನಮ್ಮ ಮನೆಯಲ್ಲಿ ಎಷ್ಟು ಸಲ ‘ನಾನು ಒಪ್ಪುತ್ತೇನೆ’ ಎಂದು ಒತ್ತಿದ್ದೇವೋ ಅಷ್ಟೂ ಸಲ ಏನನ್ನು ಒಪ್ಪಿದೆವೆಂದು ನಮಗೆ ಗೊತ್ತಿರಲಿಲ್ಲ. ಹದಿನೆಂಟಕ್ಕಿಂತ ಕಿರಿಯರ ಮಾಹಿತಿಗೆ ತಂದೆತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅವರ ಚಲನವಲನದ ಬೆನ್ನುಹತ್ತಿ ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ ೨೦೦ ಕೋಟಿ ರೂಪಾಯಿಯವರೆಗೆ ದಂಡ.

ಎಲ್ಲ ಸರಿಯೇ. ಆದರೆ ಮಾಡದಲ್ಲಿರುವ ನಮ್ಮ ಫೋನಿನ ಮಟ್ಟಿಗೆ ಮೊಮ್ಮಗ ಎಂಬವನೇ ಇಲ್ಲ. ಅದರ ದಾಖಲೆಯಲ್ಲಿರುವುದು ಅರವತ್ತಾರು ವರ್ಷದ ಒಬ್ಬ ಗೃಹಿಣಿ. ಆಕೆ ಮುಂಜಾನೆ ಭಜನೆ ಕೇಳುತ್ತಾಳೆ, ಮಧ್ಯಾಹ್ನ ಮಂಡಿನೋವಿನ ಎಣ್ಣೆ ಹುಡುಕುತ್ತಾಳೆ, ಸಂಜೆ ಎರಡು ತಾಸು ಬಂದೂಕು ಹಿಡಿದು ಶತ್ರುಗಳನ್ನು ಕೊಲ್ಲುತ್ತಾಳೆ. ಶ್ರೀಮತಿಯವರಿಗೆ ಬರುವ ಜಾಹೀರಾತುಗಳಲ್ಲಿ ಮೊಣಕಾಲಿನ ಪಟ್ಟಿಯೂ ಆಟದ ಸಿಪಾಯಿಗಳೂ ಜೊತೆಜೊತೆಯಾಗಿ ಇರುವುದನ್ನು ಕಂಡು ಮನೆಯವರೆಲ್ಲ ನಕ್ಕಿದ್ದೆವು. ಈಗ ಯೋಚಿಸಿದರೆ ನಗೆ ಬಾರದು. ಮಗುವನ್ನು ಕಾಯಲೆಂದು ಮಾಡಿದ ವಿಧಿ ಅಜ್ಜಿಯ ಸೆರಗಿನ ಹಿಂದೆ ನಿಂತ ಮಗುವನ್ನು ಕಾಣಲಾರದು. ಹಂಚಿಕೊಂಡು ಬಾಳುವ ಮನೆಗೆ ಹೊಂದುವ ವ್ಯವಸ್ಥೆ ಅಲ್ಲೊಂದು ಇಲ್ಲೊಂದು ಬರುತ್ತಿಲ್ಲವೆಂದಲ್ಲ. ೨೦೨೪ರಲ್ಲಿ ಬಂದ ‘ಯುಪಿಐ ಸರ್ಕಲ್’ ಎಂಬ ಏರ್ಪಾಡಿನಲ್ಲಿ, ಖಾತೆಯುಳ್ಳವರು ತಮ್ಮ ಪಿನ್ ಹೇಳದೆಯೇ ಮನೆಯ ಇನ್ನೊಬ್ಬರಿಗೆ ಮಿತಿ ಹಾಕಿ ಪಾವತಿಯ ಅಧಿಕಾರ ಕೊಡಬಹುದು. ಬಯಸಿದರೆ ಪ್ರತಿಯೊಂದು ಪಾವತಿಗೂ ತಮ್ಮ ಸಮ್ಮತಿ ಬೇಕೆಂದು ಕಟ್ಟು ಹಾಕಬಹುದು. ಸಂತೆಗೆ ಹೋಗುವ ಅಜ್ಜಿ ಮೊಮ್ಮಕ್ಕಳನ್ನು ನೋಡಿದ ಯಾರೋ ಇದನ್ನು ಮಾಡಿರಬೇಕೆಂದು ನಾವು ಅಂದುಕೊಂಡೆವು.

ಹಣದ ವಿಷಯಕ್ಕೆ ಬಂದರೆ, ಆಟವನ್ನು ಮಾರಿದ ಸಂಸ್ಥೆಗೆ ಮಗ ಬರೆದ. ಯಂತ್ರವೇ ಕೊಟ್ಟ ಉತ್ತರದಂತಿತ್ತು. ಕಡೆಯ ಎರಡು ಖರೀದಿಗಳ ಹಣ ಮರಳಿತು, ಉಳಿದವಕ್ಕೆ ಅವಧಿ ಮೀರಿದೆಯೆಂದರು. ವಂಚಕರ ಕೈಗೆ ಹೋದ ಹಣವಾಗಿದ್ದರೆ ಕೂಡಲೇ ೧೯೩೦ ಸಂಖ್ಯೆಗೆ ಕರೆ ಮಾಡಬೇಕಿತ್ತು. ಈ ಸಂಖ್ಯೆಯನ್ನು ಫೋನಿನ ಬಳಿ ಬರೆದು ಅಂಟಿಸಿದ್ದೇವೆ. ಅದರ ಕೆಳಗೆ ಮೊಮ್ಮಗಳು ತನ್ನ ಕೈಬರಹದಲ್ಲಿ ಇನ್ನೊಂದು ಸಾಲು ಸೇರಿಸಿದ್ದಾಳೆ: ‘ಹಣ ಬರಲು ಪಿನ್ ಬೇಡ, ಹೋಗಲು ಮಾತ್ರ ಪಿನ್.’ ಹಣ ಬರುತ್ತದೆ, ಪಿನ್ ಒತ್ತಿರೆಂದು ಹೇಳಿ ಮುಳುಗಿಸುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಕಂಡಿಲ್ಲ.

ಹೌದು, ಅವಳು ಮತ್ತೆ ಮಾತಾಡುತ್ತಾಳೆ. ಮೊದಲು ಮಗ ಅವಳ ಎದುರಿಗೇ ಆ ಕಣ್ಗಾವಲಿನ ಆ್ಯಪನ್ನು ತೆಗೆದುಹಾಕಿದ. ರಾತ್ರಿ ಹತ್ತರ ಮೇಲೆ ತನ್ನ ಫೋನನ್ನು ಪಡಸಾಲೆಯ ಮಾಡದಲ್ಲಿ ಇಡಲು ಅವಳು ಒಪ್ಪಿದಳು. ಆದರೆ ಬೀಗ ಹಾಕಿ ಇಡುತ್ತೇನೆ ಎಂದಳು. ಒಪ್ಪಿಗೆ ಎಂದರೆ ಇದು, ಕೇಳಿ ಪಡೆದದ್ದು. ಎಂಜಿನಿಯರಿಂಗಿನ ಮಾತನ್ನು ಎರಡು ತಿಂಗಳ ಮೇಲೆ ಅವಳೇ ಎತ್ತಿದಳು, ಅದು ಬೇರೆಯೇ ಕಥೆ. ಅಜ್ಜಿಯ ಫೋನಿನಲ್ಲಿ ಮೊಮ್ಮಗನಿಗಾಗಿ ಖರೀದಿಗೆ ಆಸ್ಪದವಿಲ್ಲದ ಪ್ರತ್ಯೇಕ ಖಾತೆಯನ್ನು ತೆರೆದುಕೊಟ್ಟವಳೂ ಅವಳೇ. ಶ್ರೀಮತಿಯವರು ಕನ್ನಡಕ ಬದಲಿಸಿದ್ದಾರೆ, ಪಿನ್ ಕೂಡ. ತಾವೇ ಒತ್ತುತ್ತಾರೆ. ಹೊಸ ಸಂಖ್ಯೆ ಯಾವುದೆಂದು ನಾವು ಕೇಳಿಲ್ಲ.

ಮನೆಗೆಲಸದ ಹುಡುಗಿಯ ಮನೆಗೆ ನಾವಿಬ್ಬರೂ ಹೋಗಿದ್ದೆವು. ತಪ್ಪಾಯಿತೆಂದು ಹೇಳುವುದು ಎಪ್ಪತ್ತರ ಮೇಲೆ ಇಷ್ಟು ಕಷ್ಟವಾಗಬಹುದೆಂದು ತಿಳಿದಿರಲಿಲ್ಲ. ಅವಳ ತಾಯಿ ಚಾಪೆ ಹಾಸಿ ಚಹ ಕೊಟ್ಟರು. ಸಿಟ್ಟಿನ ಮಾತೊಂದೂ ಆಡಲಿಲ್ಲ. ಆ ವಾರವೇ ಹುಡುಗಿ ಕೆಲಸಕ್ಕೆ ಮರಳಿದಳು. ಮೊದಲಿನಂತೆಯೇ ನಗುತ್ತಾಳೆ, ಪರೀಕ್ಷೆಯ ಸುದ್ದಿ ಹೇಳುತ್ತಾಳೆ. ಆದರೆ ಶ್ರೀಮತಿಯವರು ಎಷ್ಟೇ ಕರೆದು ಹೇಳಿದರೂ ಫೋನನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಮಾಡವನ್ನು ಒರೆಸುವಾಗ ಅದರ ಸುತ್ತ ಒರೆಸಿ, ಅದಿದ್ದ ಜಾಗವನ್ನು ಹಾಗೆಯೇ ಬಿಟ್ಟು ಮುಂದೆ ಹೋಗುತ್ತಾಳೆ.